ಕ್ಯಾಮೆರಾಕ್ಕೆ ಬಿಳಿ ತೋರಿಸುವ ಕೆಲಸ

ನಾನು ಕೆಲಸ ಬಿಟ್ಟ ಮೇಲೆ ಮನೆ ಹುಡುಕಿಕೊಂಡು ಬರುವ ಹೊಸ ಫೋಟೋಗ್ರಾಫರುಗಳು ಕೇಳುವುದೆಲ್ಲ ಸಾಮಾನಿನ ಬಗ್ಗೆಯೇ. ಯಾವ ಬಾಡಿ ಒಳ್ಳೆಯದು, ಯಾವ ಲೆನ್ಸ್ ತೆಗೆದುಕೊಳ್ಳಲಿ, ಡ್ರೋನ್ ಬೇಕೇ ಬೇಕಾ. ಬಿಳಿ ಎಂದರೆ ಯಾವುದು ಎಂದು ಈವರೆಗೆ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಸಂಜೆಯವರೆಗೂ ಕೂರಿಸಿ ಹೇಳುತ್ತಿದ್ದೆ. ಕೇಳದೇ ಇದ್ದುದರಿಂದ ಈಗ ಬರೆಯುತ್ತಿದ್ದೇನೆ.

ಗೋಣಿಕೊಪ್ಪದ ಒಂದೇ ಸ್ಟುಡಿಯೋದಲ್ಲಿ ನನ್ನ ದುಡಿಮೆಯ ಕಾಲವೆಲ್ಲ ಕಳೆಯಿತು. ಸಂಬಳ ಯಾವಾಗ ಏರಿತು, ಕೌಂಟರಿನಿಂದ ಕ್ಯಾಮೆರಾಕ್ಕೆ ಯಾವಾಗ ಬಡ್ತಿ ಸಿಕ್ಕಿತು ಎಂಬುದೆಲ್ಲ ನಿಮಗೆ ಬೇಡ, ನನಗೂ ಬೇಡ. ಸಾವಿರಾರು ಮುಖಗಳನ್ನು ತೆಗೆದಿದ್ದೇನೆ. ಅವುಗಳಲ್ಲಿ ಮತ್ತೆ ಮತ್ತೆ ನೆನಪಾಗುವುದು ತಿತಿಮತಿ ಕಡೆಯ ಮಂಜುಳ ಎಂಬ ಹುಡುಗಿಯದು. ಅವಳಿಗೆ ಬೇಕಾಗಿದ್ದುದು ಇಷ್ಟೇ: ತನ್ನ ನಿಜವಾದ ಬಣ್ಣದಲ್ಲಿ ಒಂದು ಫೋಟೋ, ಅದೂ ತನ್ನ ಅಪ್ಪ ನೋಡಿ ಮೆಚ್ಚುವಂಥದ್ದು. ಅದನ್ನು ಹೇಳುವ ಮೊದಲು ಅದಕ್ಕೂ ಹಿಂದಿನ ಒಂದೆರಡು ಎಡವಟ್ಟುಗಳನ್ನು ಹೇಳಬೇಕು. ಇಲ್ಲದಿದ್ದರೆ ಅವಳ ಫೋಟೋ ಎಲ್ಲಿ ಕೆಟ್ಟಿತು ಎನ್ನುವುದು ನಿಮಗೆ ತಿಳಿಯುವುದಿಲ್ಲ.

ನೀಲಿ ಟಾರ್ಪಾಲಿನ ಕೆಳಗೆ ಕುಳಿತು ಸ್ವಲ್ಪ ಹೊತ್ತು ಕಾಫಿ ಕುಡಿಯಿರಿ. ಎದುರು ಕುಳಿತವನ ಬಿಳಿ ಅಂಗಿ ನಿಮಗೆ ಬಿಳಿಯಾಗಿಯೇ ಕಾಣುತ್ತದೆ. ಕಣ್ಣು ಹೊಂದಿಕೊಳ್ಳುತ್ತದೆ. ಕ್ಯಾಮೆರಾಕ್ಕೆ ಆ ಗುಣವಿಲ್ಲ. ಬಲ್ಬಿನ ಬೆಳಕು ಹಳದಿ, ಹಳೆಯ ಟ್ಯೂಬಿನದು ಹಸಿರು, ಮಧ್ಯಾಹ್ನದ ನೆರಳಿನದು ನೀಲಿ. ಬಿದ್ದದ್ದು ಬಿದ್ದ ಹಾಗೆ ಅದು ಹಿಡಿದಿಡುತ್ತದೆ. ‘ಆಟೋ’ದಲ್ಲಿ ಇಟ್ಟರೆ ಏನೋ ಒಂದು ಊಹೆ ಮಾಡುತ್ತದೆ. ಊಹೆ ಅರ್ಧ ಸಲ ಸರಿಯಾಗುತ್ತದೆ, ಆದರೆ ಮದುವೆ ಅರ್ಧ ಸಲ ನಡೆಯುವುದಿಲ್ಲವಲ್ಲ. ಅದಕ್ಕೇ ಆ ಜಾಗದ ಬೆಳಕಿನಲ್ಲಿ ಒಂದು ಬಿಳಿ ವಸ್ತುವನ್ನು ತೋರಿಸಿ, ಇವತ್ತಿಗೆ ಬಿಳಿ ಎಂದರೆ ಇದು ಎಂದು ಕ್ಯಾಮೆರಾಕ್ಕೆ ಹೇಳಿಕೊಡಬೇಕು. ಕಸ್ಟಮ್ ವೈಟ್ ಬ್ಯಾಲೆನ್ಸ್ ಎಂಬ ದೊಡ್ಡ ಹೆಸರಿನ ಒಳಗಿರುವುದು ಇಷ್ಟೇ.

ರೀಲಿನ ಕಾಲದಲ್ಲಿ ಈ ತಲೆನೋವು ನಮಗಿರಲಿಲ್ಲ. ಮೈಸೂರಿನ ಲ್ಯಾಬಿಗೆ ರೋಲ್ ಕಳಿಸಿದರೆ ಅಲ್ಲಿ ಕುಳಿತವನು ಬಣ್ಣ ಸರಿಮಾಡಿ ಕಳಿಸುತ್ತಿದ್ದ. ಕೆಟ್ಟರೆ ಗಿರಾಕಿಯ ಮುಂದೆ ಅವನಿಗೇ ಬೈದು ಪಾರಾಗುತ್ತಿದ್ದೆವು. ಡಿಜಿಟಲ್ ಕ್ಯಾಮೆರಾ ಬಂದ ದಿನ ನಮ್ಮ ಯಜಮಾನ ಪೊನ್ನಪ್ಪನವರು ಅದನ್ನು ನನ್ನ ಕೈಗೆ ಕೊಟ್ಟು, “ನೋಡ್ ನಾಗರಾಜ, ಇನ್ನು ಲ್ಯಾಬಿನವನಿಗೆ ಬೈಲಿಕ್ಕೆ ಆಗುದಿಲ್ಲ. ನಾವೇ ಬೈಸ್ಕೊಳ್ಳೋದು” ಎಂದಿದ್ದರು. ಪೊನ್ನಪ್ಪನವರು ಕೊಡವರು, ಜೋರು ಸ್ವರ, ನಗಿಸುವಾಗಲೂ ಬೈದಂತೆಯೇ ಮಾತು. ಹೊಸ ಕ್ಯಾಮೆರಾದಿಂದ ಬೈಸಿಕೊಳ್ಳಲು ನಾವು ಹೆಚ್ಚು ದಿನ ಕಾಯಬೇಕಾಗಲಿಲ್ಲ.

ವಿರಾಜಪೇಟೆ ಕಡೆಯ ಒಂದು ಮದುವೆ. ಅಕಾಲದಲ್ಲಿ ಮಳೆ ಬಂತೆಂದು ಅಂಗಳದ ತುಂಬ ನೀಲಿ ಟಾರ್ಪಾಲು ಎಳೆದಿದ್ದರು. ಮದುಮಗ ತೊಟ್ಟಿದ್ದು ಮೊಣಕಾಲು ದಾಟುವ ಬಿಳಿ ಕುಪ್ಯ, ಕೊಡವರ ನಿಲುವಂಗಿ. ನಾನು ‘ಆಟೋ’ ನಂಬಿಕೊಂಡು ದಿನವಿಡೀ ಕ್ಲಿಕ್ಕಿಸಿದೆ. ಆಲ್ಬಮ್ ಒಯ್ದು ಕೊಟ್ಟಾಗ ಮದುಮಗನ ಅಜ್ಜಿ ಕನ್ನಡಕ ಏರಿಸಿ ಮೊದಲ ಪುಟ ನೋಡಿದವರೇ, “ನಮ್ಮ ಹುಡುಗನಿಗೆ ನೀಲಿ ಕುಪ್ಯ ಹೊಲಿಸಿದ್ದು ಯಾರು?” ಎಂದು ಕೇಳಿದರು. ಮನೆಯವರೆಲ್ಲ ನಕ್ಕರು. ನನಗೆ ಮಾತ್ರ ಕುಳಿತ ಕುರ್ಚಿಯಲ್ಲೇ ಬೆವರು ಇಳಿಯಿತು. ಅವರು ಮಾತು ಬೆಳೆಸಲಿಲ್ಲ, ಪೊನ್ನಪ್ಪನವರು ಬೆಳೆಸಿದರು.

ಬಣ್ಣ ಸರಿಮಾಡಲು ಬೂದು ಬಣ್ಣದ ಕಾರ್ಡು ಸಿಗುತ್ತದೆ, ಬೆಂಗಳೂರಿನಿಂದ ತರಿಸೋಣ ಎಂದೆ. ಬೆಲೆ ಕೇಳಿದ್ದೇ ಅವರು, “ಒಂದು ರಟ್ಟಿಗೆ ಅಷ್ಟು ಕೊಡುದಾ? ಎಂತ ಮಾರಾಯ, ನಿನ್ನ ಮನೆಲಿ ರಟ್ಟಿಲ್ವಾ?” ಎಂದರು. ಅಲ್ಲಿಂದ ಶುರುವಾಯಿತು ನನ್ನ ಮನೆಮದ್ದು.

ಮೊದಲು ಜೆರಾಕ್ಸ್ ಹಾಳೆ. ಎಷ್ಟು ಬೆಳ್ಳಗಿದೆ, ಇದಕ್ಕಿಂತ ಬಿಳಿ ಇನ್ನೇನು ಎಂದುಕೊಂಡೆ. ಮುಖಗಳು ಸ್ವಲ್ಪ ಹಳದಿಗೆ ತಿರುಗಿದವು, ಯಾಕೆಂದು ಆಗ ತಿಳಿಯಲಿಲ್ಲ. ಆಮೇಲೆ ಯಾರೋ, ಕಾಫಿ ಸೋಸುವ ಕಾಗದವನ್ನು ಲೆನ್ಸಿನ ಬಾಯಿಗೆ ಕಟ್ಟಿ ಬೆಳಕಿನ ಕಡೆ ತಿರುಗಿಸಿ ಕ್ಲಿಕ್ಕಿಸಬೇಕು ಎಂದರು. ಕೊಡಗಿನಲ್ಲಿ ಕಾಫಿಗೆ ಬರವಿಲ್ಲ, ಆದರೆ ನಮ್ಮ ಮನೆಗಳಲ್ಲಿ ಇರುವುದು ಸ್ಟೀಲ್ ಫಿಲ್ಟರು. ಕಾಗದಕ್ಕಾಗಿ ಪರದೇಶದ ಅತಿಥಿಗಳು ಬರುವ ಹೋಂಸ್ಟೇ ಹುಡುಕಿಕೊಂಡು ಹೋದೆ. ಅಲ್ಲಿನ ಅಡುಗೆಯವರು ಒಂದು ಕಟ್ಟನ್ನೇ ಕೊಟ್ಟರು. ಅದು ಕಂದು ಬಣ್ಣದ್ದು. ಕಾಗದ ತಾನೇ ಎಂದು ಅದನ್ನೇ ಕಟ್ಟಿದೆ. ಒಂದು ನಾಮಕರಣದಲ್ಲಿ ಮಗುವಿನಿಂದ ಹಿಡಿದು ಪುರೋಹಿತರವರೆಗೆ ಎಲ್ಲರೂ ಚಳಿ ಹಿಡಿದವರಂತೆ ನೀಲಿಗಟ್ಟಿದರು. ಕಂದು ಕಾಗದ ದಾಟಿ ಬಂದ ಬೆಳಕನ್ನು ಬಿಳಿ ಎಂದು ನಂಬಿದ ಕ್ಯಾಮೆರಾ, ಆ ಕಂದನ್ನು ಕಳೆಯಲು ಎಲ್ಲದಕ್ಕೂ ನೀಲಿ ಸುರಿದಿತ್ತು. ಸುಳ್ಳು ಹೇಳಿಕೊಟ್ಟರೆ ಅದು ಆ ಸುಳ್ಳನ್ನೇ ನಿಷ್ಠೆಯಿಂದ ಪಾಲಿಸುತ್ತದೆ.

ಐಸ್‌ಕ್ರೀಮ್ ಡಬ್ಬಿಯ ಮುಚ್ಚಳ ಪರವಾಗಿಲ್ಲ ಅನ್ನಿಸಿತು. ಕೊನೆಗೆ ಕೈಗೆ ಸಿಕ್ಕಿದ್ದು ನಲ್ಲಿಯ ಟೇಪು. ಮನೆಯ ನಲ್ಲಿ ಸೋರುತ್ತಿತ್ತು. ಪ್ಲಂಬರ್ ಬರಲಿಲ್ಲವೆಂದು ನಾನೇ ಅದರ ತಿರುಪಿಗೆ ಆ ತೆಳು ಬಿಳಿ ಟೇಪು ಸುತ್ತುತ್ತ ಕುಳಿತಿದ್ದೆ. ಎಷ್ಟು ಪದರ ಸುತ್ತಿದರೂ ಹೊಳಪಿಲ್ಲ, ಹಳದಿ ಇಲ್ಲ, ನೀಲಿ ಇಲ್ಲ. ನಲ್ಲಿ ಬಿಟ್ಟು ಒಂದು ರಟ್ಟಿಗೆ ಒತ್ತೊತ್ತಾಗಿ ಸುತ್ತಿದೆ. ಹೆಂಡತಿ ಬಂದು, “ನಲ್ಲಿ ಸೋರ್ತಾನೇ ಇದೆ, ರಟ್ಟಿಗೆ ಯಾಕೆ ಬ್ಯಾಂಡೇಜು?” ಎಂದಳು. ಮಾರನೆಯ ದಿನ ಆ ರಟ್ಟು ತೋರಿಸಿ ತೆಗೆದ ಫೋಟೋದಲ್ಲಿ ಬಿಳಿ ಬಿಳಿಯಾಗಿತ್ತು, ಕೆಂಪು ಕೆಂಪಾಗಿತ್ತು. ನಲ್ಲಿ ಇನ್ನೂ ಸೋರುತ್ತಿತ್ತು. ಆಮೇಲೆ ಇಂಥ ಎಷ್ಟೋ ರಟ್ಟುಗಳನ್ನು ಮಾಡಿದೆ. ನೀವೂ ಮಾಡಿಕೊಳ್ಳಿ. ಕೊಳೆಯಾದರೆ ಮೇಲಿನ ಪದರ ಬಿಚ್ಚಿ ಹೊಸದು ಸುತ್ತಿದರಾಯಿತು.

ರಟ್ಟು ಸರಿಯಿದ್ದರೆ ಸಾಲದು, ಹಿಡಿಯುವ ಜಾಗವೂ ಸರಿಯಿರಬೇಕು. ಪಿಕ್ಕಿಂಗ್ ಕಾಲದಲ್ಲಿ, ಅಂದರೆ ಕಾಫಿ ಕೊಯ್ಲಿನಲ್ಲಿ, ಒಬ್ಬ ಪ್ಲಾಂಟರ್ ತಮ್ಮ ಎಸ್ಟೇಟಿನ ಫೋಟೋ ಬೇಕೆಂದು ಕರೆಸಿದ್ದರು. ನಾನು ಜೀಪು ನಿಲ್ಲಿಸಿದ ರಸ್ತೆಯ ಬಿಸಿಲಿನಲ್ಲೇ ರಟ್ಟು ತೋರಿಸಿ, ಆಮೇಲೆ ತೋಟದೊಳಗೆ ಇಳಿದೆ. ಅಲ್ಲಿ ಮೇಲೆ ಮರದೆಲೆ, ಸುತ್ತ ಕಾಫಿಯೆಲೆ, ಬೆಳಕು ಬರುವುದೇ ಎಲೆಯ ಮೂಲಕ. ಫೋಟೋ ನೋಡಿ ಪ್ಲಾಂಟರ್, “ಏನಿದು, ನಮ್ಮ ಹೆಂಗಸರೆಲ್ಲ ಹಸಿರಾಗಿದ್ದಾರೆ? ಕಾಫಿ ಕೊಯ್ಯೋರಾ, ಕಾಫಿ ಗಿಡಾನಾ?” ಎಂದು ಕೇಳಿದರು. ಯಾವ ಮುಖ ತೆಗೆಯುತ್ತೀರೋ ಆ ಮುಖದ ಪಕ್ಕದಲ್ಲಿ, ಅದರ ಮೇಲೆ ಬೀಳುವ ಬೆಳಕಿಗೇ ರಟ್ಟನ್ನು ಒಡ್ಡಬೇಕು. ನೀವು ನಿಂತ ಜಾಗದ ಬೆಳಕು ನಿಮ್ಮದು, ಅವರದಲ್ಲ. ಇದನ್ನು ಬಾಯಿಪಾಠ ಮಾಡಿಕೊಳ್ಳಿ.

ಇನ್ನು ಮಂಜುಳಳ ವಿಷಯ.

ನಮ್ಮ ಸ್ಟುಡಿಯೋಕ್ಕೆ ವಧುಪರೀಕ್ಷೆಗೆ ಕಳಿಸುವ ಫೋಟೋಗಳ ಗಿರಾಕಿಗಳು ಬಹಳ. ಅವರೆಲ್ಲ ಹೇಳುವುದು ಒಂದೇ ಮಾತು: ಸ್ವಲ್ಪ ಬ್ರೈಟ್ ಮಾಡಿ. ಬ್ರೈಟ್ ಎಂದರೆ ಬೆಳಕು ಹೆಚ್ಚಿಸುವುದಲ್ಲ, ಹುಡುಗಿಯನ್ನು ಬೆಳ್ಳಗೆ ಮಾಡುವುದು. ಪೊನ್ನಪ್ಪನವರು ಕೌಂಟರಿನಿಂದಲೇ, “ನಾಗರಾಜ, ಬ್ರೈಟು!” ಎಂದು ಕೂಗುತ್ತಿದ್ದರು, ಹೋಟೆಲಿನಲ್ಲಿ ಆರ್ಡರ್ ಕೂಗಿದ ಹಾಗೆ. ಆ ಪದ ಕೇಳಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಫೋಟೋ ನೋಡಿ ಬರುವವರು ಹುಡುಗಿಯನ್ನು ನೋಡಲಿಕ್ಕಲ್ಲ, ಫೋಟೋ ಮಾಡಿದ ವಾಗ್ದಾನವನ್ನು ತಾಳೆ ನೋಡಲಿಕ್ಕೆ ಬರುತ್ತಾರೆ. ಆ ತಾಳೆಯಲ್ಲಿ ನಾವು ನಿಂತಿರುವುದಿಲ್ಲ, ಅವಳು ನಿಂತಿರುತ್ತಾಳೆ.

ಮಂಜುಳ ಪೊನ್ನಂಪೇಟೆಯ ಒಂದು ಕಚೇರಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಿದ್ದಳು. ಅಪ್ಪ ಶಿವಣ್ಣ ತಿತಿಮತಿ ಹತ್ತಿರದ ಎಸ್ಟೇಟಿನಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ, ಕೊಯ್ಲಿನ ತೂಕ ನೋಡಿಕೊಳ್ಳುವವರು. ಅವರ ಹಿರಿಯರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದವರು. ಸದಾ ಮಡಿಕೆ ಮುರಿಯದ ಬಿಳಿ ಪಂಚೆ, ಬಿಳಿ ಅಂಗಿ. ತೋಟದ ಕೆಸರಿನ ನಡುವೆ ಅಷ್ಟು ಬಿಳಿಯಾಗಿ ಓಡಾಡುವ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ.

ಅವರು ಬಂದು ಹೇಳಿದ್ದು ಹೀಗೆ: “ನಮ್ ಹುಡುಗಿ ಫೋಟೋ ಒಂದು ಚೆನ್ನಾಗಿ ಆಗ್ಬೇಕು ಸಾರ್. ಹಿಂದೆ ಬೇರೆ ಕಡೆ ತೆಗೆಸಿದ್ವಿ. ಫೋಟೋ ನೋಡಿ ಬಂದ್ರು, ಕಾಫಿ ಕುಡಿದ್ರು, ಹೋದ್ರು. ಮಾತಿಲ್ಲ ಕತೆ ಇಲ್ಲ.”

ಸ್ಟುಡಿಯೋ ಬೇಡ, ಮನೆಯಲ್ಲೇ ತೆಗೆಯಿರಿ ಎಂದಳು ಮಂಜುಳ. ಒಂದು ಭಾನುವಾರ ಹೋದೆ. ಎಸ್ಟೇಟ್ ಕೊಟ್ಟ ಮನೆ, ಮುಂದೆ ಒಂದು ಜಗಲಿ, ಅದಕ್ಕೆ ತಾಗಿ ಕಾಫಿ ಗಿಡ. ಹುಡುಗಿ ಆಕಾಶನೀಲಿ ಸೀರೆ ಉಟ್ಟು ಸಿದ್ಧಳಾಗಿದ್ದಳು. ಚೀಲ ತೆಗೆದರೆ ರಟ್ಟಿಲ್ಲ. ಹಿಂದಿನ ದಿನದ ಮದುವೆ ಮನೆಯಲ್ಲಿ ಬಿಟ್ಟು ಬಂದಿದ್ದೆ. ಸುತ್ತ ನೋಡಿದೆ. ಎದುರಿಗೇ ಶಿವಣ್ಣನವರ ಪಂಚೆ, ಕಣ್ಣು ಕುಕ್ಕುವಷ್ಟು ಬಿಳಿ. “ಸ್ವಲ್ಪ ಮಗಳ ಪಕ್ಕ ನಿಲ್ಲಿ” ಎಂದು ಹೇಳಿ, ಆ ಪಂಚೆಯೇ ಚೌಕಟ್ಟು ತುಂಬುವಂತೆ ಕ್ಲಿಕ್ಕಿಸಿ, ಇದೇ ಬಿಳಿ ಎಂದು ಕ್ಯಾಮೆರಾಕ್ಕೆ ಹೇಳಿದೆ. ಆಮೇಲೆ ಅವಳ ಫೋಟೋಗಳನ್ನು ತೆಗೆದೆ.

ಪ್ರಿಂಟು ನೋಡಲು ಅಪ್ಪ ಮಗಳು ಸ್ಟುಡಿಯೋಕ್ಕೆ ಬಂದರು. ಶಿವಣ್ಣನವರ ಮುಖ ಅರಳಿತು. ಫೋಟೋದ ಹುಡುಗಿ ಹೊನ್ನಿನ ಹಾಗೆ ಹೊಳೆಯುತ್ತಿದ್ದಳು. “ನೋಡೇ, ಬಯೋಡೇಟಾದಲ್ಲಿ ಗೋಧಿ ಬಣ್ಣ ಅಂತ ಬರೆಸಿದ್ನಲ್ಲ, ಸುಳ್ಳಾಗ್ಲಿಲ್ಲ!” ಎಂದು ಮಗಳಿಗೆ ಹೇಳಿ ನನ್ನ ಕೈ ಹಿಡಿದುಕೊಂಡರು. ಪೊನ್ನಪ್ಪನವರು ಇಣುಕಿ ನೋಡಿ, “ಒಳ್ಳೆ ಬ್ರೈಟ್ ಬಂದಿದೆ ಮಾರಾಯ” ಎಂದರು.

ಮಂಜುಳ ಪ್ರಿಂಟನ್ನು ಬೆಳಕಿಗೆ ಹಿಡಿದು ನೋಡಿದಳು. “ಇದು ನಾನಲ್ಲ ಸಾರ್” ಎಂದಳು.

“ನೀನಲ್ದೆ ಇನ್ಯಾರೇ?” ಎಂದರು ಅಪ್ಪ.

“ಸೀರೆ ನೋಡಪ್ಪ. ಆಕಾಶನೀಲಿ ಉಟ್ಟಿದ್ದೆ. ಇದು ಪಾಚಿ ಬಣ್ಣ ಆಗಿದೆ. ಸೀರೆದೇ ಸುಳ್ಳಾದ್ಮೇಲೆ ಮುಖದ್ದು ನಿಜ ಹೇಗಾಗುತ್ತೆ?”

ನಾನು ಪ್ರಿಂಟು ಕಿತ್ತುಕೊಂಡವನಂತೆ ತೆಗೆದುಕೊಂಡೆ. ಹೌದು, ಫೋಟೋದ ಮೇಲೆಲ್ಲ ಹಳದಿಯ ಒಂದು ಪದರ. ಜೆರಾಕ್ಸ್ ಹಾಳೆಯಲ್ಲಿ ಆದದ್ದೇ, ಆದರೆ ಇನ್ನೂ ಹೆಚ್ಚು. “ಶಿವಣ್ಣ, ಪಂಚೆ ಒಗೆಯುವಾಗ ಏನು ಹಾಕ್ತೀರಿ?” ಎಂದು ಕೇಳಿದೆ.

“ನೀಲಿ ಹಾಕ್ತೀವಿ ಸಾರ್, ಇನ್ನೇನು ಹಾಕೋದು? ಬಕೆಟ್ಟಿಗೆ ಎಲ್ಲರೂ ನಾಲ್ಕು ಹನಿ ಹಾಕಿದ್ರೆ ನಾನು ಇನ್ನಷ್ಟು ಹಾಕ್ತೀನಿ. ಅದಕ್ಕೇ ಈ ಬಿಳುಪು!” ಅವರಿಗೆ ಅದರ ಬಗ್ಗೆ ಹೆಮ್ಮೆ ಇತ್ತು.

ಬಟ್ಟೆ ಹಳದಿಯಾಗದಿರಲಿ ಎಂದು ನಾವು ನೀಲಿ ಅದ್ದುತ್ತೇವೆ. ಕಣ್ಣಿಗೆ ಅದೇ ಬಿಳಿ. ಕ್ಯಾಮೆರಾ ನೋಡಿದ್ದು ಮಾತ್ರ ತಿಳಿನೀಲಿ ಬಟ್ಟೆ. ಅದೇ ಬಿಳಿ ಎಂದು ನಾನು ಒತ್ತಾಯ ಮಾಡಿದ್ದರಿಂದ ಅದು ಎಲ್ಲದರಿಂದ ನೀಲಿ ಕಳೆದು ಹಳದಿ ಉಳಿಸಿತ್ತು. ಸೀರೆ ಪಾಚಿಯಾಗಿತ್ತು, ಹುಡುಗಿ ಗೋಧಿಯಾಗಿದ್ದಳು. ಇದನ್ನು ವಿವರಿಸಿ, ಬೇರೆ ತೆಗೆದುಕೊಡುತ್ತೇನೆ, ಹಣ ಬೇಡ ಎಂದೆ.

“ಯಾಕೆ ಸಾರ್? ತಪ್ಪಿನಿಂದ ಒಳ್ಳೇದೇ ಆಯ್ತಲ್ಲ. ಇದೇ ಇರ್ಲಿ” ಎಂದರು ಶಿವಣ್ಣ. ಅವರನ್ನು ಒಪ್ಪಿಸಲು ನನ್ನಿಂದಾಗಲಿಲ್ಲ. ಪ್ರಿಂಟಿನ ಲಕೋಟೆ ತೆಗೆದುಕೊಂಡು, ಟೀ ಕುಡಿದು ಬರುತ್ತೇನೆಂದು ಹೊರಗೆ ಹೋದರು.

ಮಂಜುಳ ಕೌಂಟರಿನ ಮುಂದೆಯೇ ನಿಂತಿದ್ದಳು. “ಕಾಫಿ ಕುಡಿದು ಹೋದ್ರು ಅಂತ ಅಪ್ಪ ಹೇಳಿದ್ರಲ್ಲ ಸಾರ್, ಆ ಹುಡುಗನ ಅಮ್ಮ, ಫೋನಲ್ಲಿ ನನ್ನ ಆ ಹಳೇ ಬ್ರೈಟ್ ಫೋಟೋ ಇಟ್ಕೊಂಡಿದ್ರು. ನಾನು ಕಾಫಿ ತಟ್ಟೆ ಹಿಡಿದು ಬಂದಾಗ ಫೋನ್ ನೋಡಿದ್ರು, ನನ್ನನ್ನ ನೋಡಿದ್ರು. ಆಮೇಲೆ ಫೋನನ್ನ ಮಗುಚಿ ತೊಡೆ ಮೇಲಿಟ್ಕೊಂಡ್ರು.”

ಅವಳೇ ಮುಂದುವರಿಸಿದಳು. “ಅವರದ್ದು ಬಿಡಿ, ಯಾರೋ ಏನೋ. ನಮ್ಮಪ್ಪ ಕೂಡ ಆ ಸುಳ್ಳು ಫೋಟೋನೇ ಪರ್ಸಲ್ಲಿ ಇಟ್ಕೊಂಡಿದ್ದಾರೆ ಸಾರ್. ನನ್ನದು ಅಂತ ಎಲ್ಲರಿಗೂ ತೋರಿಸ್ತಾರೆ. ನಾನು ಹೇಗಿದ್ದೀನೋ ಹಾಗಿರೋ ಒಂದು ಫೋಟೋ ನಮ್ಮಪ್ಪನಿಗೆ ಇಷ್ಟ ಆಗ್ಬೇಕು. ಮದುವೆ ಆಮೇಲೆ.”

ಅಷ್ಟು ವರ್ಷದ ಕೆಲಸದಲ್ಲಿ ಯಾರೂ ನನ್ನಿಂದ ಅಷ್ಟು ಕಷ್ಟದ್ದನ್ನು ಕೇಳಿರಲಿಲ್ಲ. ಬಣ್ಣ ಸರಿಮಾಡುವುದು ನನಗೆ ಗೊತ್ತು. ಆ ಬಣ್ಣವನ್ನು ಇನ್ನೊಬ್ಬರಿಗೆ ಇಷ್ಟವಾಗುವಂತೆ ಮಾಡುವ ಗುಂಡಿ ಯಾವ ಕ್ಯಾಮೆರಾದಲ್ಲಿದೆ? ಆದರೂ ಬರುತ್ತೇನೆ ಎಂದೆ. ಪೊನ್ನಪ್ಪನವರು ಎಲ್ಲ ಕೇಳಿಸಿಕೊಂಡಿದ್ದರು. ಬೈಯುತ್ತಾರೆ ಎಂದುಕೊಂಡಿದ್ದೆ. “ಹೋಗು, ಆ ಹುಡುಗಿಗೆ ಸರಿಯಾಗಿ ತೆಗೆದುಕೊಡು. ಈ ಸಲ ರಟ್ಟು ಮರೆತರೆ ವಾಪಸ್ ಬರಬೇಡ” ಎಂದಷ್ಟೇ ಹೇಳಿದರು.

ಮುಂದಿನ ಭಾನುವಾರ ಅದೇ ಜಗಲಿ, ಅದೇ ಸೀರೆ. ಶಿವಣ್ಣನವರಿಗೆ ಸಮಾಧಾನವಿರಲಿಲ್ಲ. ಚೆನ್ನಾಗಿದ್ದುದನ್ನು ಕೆಡಿಸಲು ಬಂದವನಂತೆ ನನ್ನನ್ನು ನೋಡುತ್ತಿದ್ದರು. ರಟ್ಟು ಹಿಡಿಯಲು ಬೇರೆ ಯಾರೂ ಇರಲಿಲ್ಲವಾದ್ದರಿಂದ ಅವರನ್ನೇ ಕರೆದೆ. “ಇಲ್ಲಿ, ಅವಳ ಕೆನ್ನೆ ಪಕ್ಕದಲ್ಲೇ ಹಿಡೀರಿ. ನಿಮ್ಮ ಪಂಚೆ ಸ್ವಲ್ಪ ದೂರ ಇರಲಿ.” ಅವರು ಮುಖ ಗಂಟಿಕ್ಕಿಕೊಂಡೇ ಕೈ ಚಾಚಿ ರಟ್ಟು ಹಿಡಿದರು. ಕಾಫಿ ಗಿಡದ ಹಸಿರು ಬೀಳದಂತೆ ಇಬ್ಬರನ್ನೂ ಜಗಲಿಯ ಒಳಕ್ಕೆ ಸರಿಸಿ, ರಟ್ಟು ತುಂಬುವಂತೆ ಕ್ಲಿಕ್ಕಿಸಿ, ಕ್ಯಾಮೆರಾಕ್ಕೆ ಬಿಳಿ ಹೇಳಿಕೊಟ್ಟೆ. ಸರಿಯಾಯಿತೇ ಎಂದು ನೋಡಲು, ಅವರು ರಟ್ಟು ಹಿಡಿದಿದ್ದಾಗಲೇ ಅವಳ ಮುಖ ಸೇರಿಸಿ ಇನ್ನೊಂದು ತೆಗೆದೆ. ಆ ಗಳಿಗೆಯಲ್ಲಿ ಮಂಜುಳ, ಅಪ್ಪನ ಗಂಟುಮುಖ ನೋಡಿ ನಗು ತಡೆಯುತ್ತಿದ್ದಳು.

ಆಮೇಲೆ ಹಲವು ಫೋಟೋ ತೆಗೆದೆ. ಕುಳಿತದ್ದು, ನಿಂತದ್ದು, ಸೆರಗು ಹೊದ್ದದ್ದು. ಲ್ಯಾಪ್‌ಟಾಪನ್ನು ಜಗಲಿಯ ಮೇಲಿಟ್ಟು ಎಲ್ಲವನ್ನೂ ಮೊದಲಿನಿಂದ ತೋರಿಸತೊಡಗಿದೆ. ಸೀರೆ ಆಕಾಶನೀಲಿಯಾಗಿಯೇ ಇತ್ತು. ಹುಡುಗಿ ಇದ್ದ ಹಾಗೇ ಇದ್ದಳು, ಎಣ್ಣೆಗಪ್ಪು ಮೈಬಣ್ಣ, ಅದರಲ್ಲಿ ಎದ್ದು ಕಾಣುವ ಕಣ್ಣು. ನನಗೆ ಬಹಳ ಚೆಂದ ಕಂಡಳು. ಆದರೆ ನನ್ನ ಮೆಚ್ಚುಗೆಯಿಂದ ಅಲ್ಲಿ ಆಗಬೇಕಾದದ್ದೇನೂ ಇರಲಿಲ್ಲ. ಮಂಜುಳ ಪರದೆಯನ್ನು ನೋಡಲಿಲ್ಲ, ಅಪ್ಪನ ಮುಖವನ್ನೇ ನೋಡುತ್ತಿದ್ದಳು.

“ಇಷ್ಟು ಕಪ್ಪಾ?” ಎಂದರು ಶಿವಣ್ಣ, ಮೆಲ್ಲಗೆ.

ಪರದೆಯ ಮೇಲಿದ್ದುದು ಬಣ್ಣದ ಪರೀಕ್ಷೆಗೆಂದು ಅವರು ರಟ್ಟು ಹಿಡಿದಾಗ ತೆಗೆದ ಫೋಟೋ. ಅವರು ಕನ್ನಡಕ ಹಾಕಿಕೊಂಡು ಇನ್ನೂ ಬಾಗಿ ನೋಡಿದರು. ಮಗಳ ಕೆನ್ನೆ, ಅದಕ್ಕೆ ತಾಗಿದಂತೆ ಬಿಳಿ ರಟ್ಟು, ರಟ್ಟು ಹಿಡಿದ ಕೈ. ಬಿಳಿಯ ಎರಡು ಬದಿಗೂ ಒಂದೇ ಬಣ್ಣ. ಎಲ್ಲಿ ಮಗಳು ಮುಗಿದು ಎಲ್ಲಿ ಅಪ್ಪ ಶುರುವಾಗುತ್ತಾನೆ ಎಂದು ಬಣ್ಣ ನೋಡಿ ಹೇಳುವಂತಿರಲಿಲ್ಲ. ಶಿವಣ್ಣ ಪರದೆ ಬಿಟ್ಟು ತಮ್ಮ ಕೈಯನ್ನು ನೋಡಿಕೊಂಡರು. ಮತ್ತೆ ಪರದೆ ನೋಡಿದರು.

“ಇವಳಮ್ಮ ಬೆಳ್ಳಗಿದ್ಲು ಸಾರ್” ಎಂದರು. “ಇವಳು ಹುಟ್ಟಿದಾಗಿಂದ ಹೇಳ್ತಾನೇ ಬಂದೆ, ಅವಳ ಬಣ್ಣ ಬಂದಿದ್ರೆ ಚೆನ್ನಾಗಿತ್ತು ಅಂತ. ಯಾರ ಬಣ್ಣ ಬಂದಿದೆ ಅಂತ ಒಂದ್ಸಲನೂ ಯೋಚನೆ ಮಾಡ್ಲಿಲ್ಲ.”

“ನಂಗೆ ಗೊತ್ತಿತ್ತಪ್ಪ” ಎಂದಳು ಮಂಜುಳ. “ನೀನು ಬೇಡ ಅಂದಾಗೆಲ್ಲ, ನಿನ್ನ ಬಣ್ಣಾನೇ ಬೇಡ ಅಂತಿದ್ದೀಯ ಅನ್ಸೋದು.”

ಶಿವಣ್ಣ ಪರ್ಸಿನಿಂದ ಹಳೆಯ ಫೋಟೋ ತೆಗೆದು ಒಮ್ಮೆ ನೋಡಿ ಮಗಳ ಕೈಗೆ ಕೊಟ್ಟರು. ಕಣ್ಣು ಒರೆಸಿಕೊಳ್ಳಲು ಪಂಚೆಯ ಚುಂಗು ಎತ್ತಿದವರು ನಾನಿರುವುದು ನೆನಪಾಗಿ ಹಾಗೇ ಬಿಟ್ಟರು. ನಾನು ಕೆಲಸದ ಮಾತಿಗೆ ಇಳಿದೆ. ಮುಂದಿನ ಫೋಟೋಗಳಲ್ಲಿ ಯಾವುದನ್ನು ಪ್ರಿಂಟ್ ಹಾಕಲಿ, ನಿಂತದ್ದೋ ಕುಳಿತದ್ದೋ ಎಂದು ಕೇಳಿದೆ.

ಶಿವಣ್ಣ ಪರದೆಯ ಮೇಲೆ ಬೆರಳಿಟ್ಟರು. “ಇದೇ. ಇದನ್ನೇ ಎಲ್ಲರಿಗೂ ಕಳಿಸ್ತೀನಿ.”

“ಇದು ಬರೀ ಟೆಸ್ಟ್ ಮಾಡಿದ್ದು ಶಿವಣ್ಣ. ಬೇಕಾದರೆ ಪಕ್ಕದ್ದನ್ನೆಲ್ಲ ಕತ್ತರಿಸಿ ಅವಳ ಮುಖ ಮಾತ್ರ ಉಳಿಸ್ತೇನೆ.”

“ಬೇಡ ಸಾರ್” ಎಂದರು ಅವರು. “ಕೈ ಇರ್ಲಿ.”